ಮೋನಪ್ಪನ ಬಾಗಿಲುಗಳ ಮೈನಸ್ಸು

ನಮ್ಮೂರಿನಲ್ಲಿ ಒಂದು ಮನೆಯ ಬಾಗಿಲು ಹೋಯಿತೆಂದರೆ ಎದುರು ಮನೆಯವರು ಮೊದಲು ಒಂದು ಕುರ್ಚಿ ತಂದು ಆ ಹೊಸ್ತಿಲಿಗೆ ಅಡ್ಡ ಇಡುತ್ತಾರೆ. ಪಕ್ಕದ ಮನೆಯವರು ಹಳೆಯ ಸೀರೆಯೊಂದನ್ನು ಪರದೆ ಕಟ್ಟಿಕೊಡುತ್ತಾರೆ. ಹೊಸ ಬಾಗಿಲು ಬರುವವರೆಗೆ ಆ ಮನೆಯಲ್ಲಿ ಗಂಡ ಹೆಂಡತಿ ಜಗಳ ಆಡುವುದಿಲ್ಲ, ಆಡಿದರೂ ಮೆಲುದನಿಯಲ್ಲಿ ಆಡಿ ಮುಗಿಸುತ್ತಾರೆ. ಹೋಗುವ ಬಾಗಿಲನ್ನು ಹಿಂದಿನಿಂದ ಕರೆಯಬಾರದು. ಅದು ಬಿಜಾಗರಿಯಿಂದ ತಾನೇ ಬಿಡಿಸಿಕೊಂಡು, ಒಂದು ಮೂಲೆ ಊರಿ, ಆಮೇಲೆ ಇನ್ನೊಂದು ಮೂಲೆ ಊರಿ, ಬೀದಿ ಹಿಡಿದು ಗುಡ್ಡದ ಕಡೆ ನಡೆದುಬಿಡುತ್ತದೆ. ದನ ಅಡ್ಡ ಬಂದರೆ ನಿಂತು, ದನ ಹೋದ ಮೇಲೆ ಮುಂದೆ ಹೋಗುತ್ತದೆ. ಗುಡ್ಡದಾಚೆ ಏನು ಮಾಡುತ್ತದೋ ನಮಗೆ ಗೊತ್ತಿಲ್ಲ. ಕೇಳುವುದು ನಮ್ಮ ಪದ್ಧತಿಯೂ ಅಲ್ಲ.

ಹೋಗುವುದು ಹೋಗಲಿ, ಯಾವಾಗ ಹೋಗುತ್ತದೆಂದು ಸುಮಾರಾಗಿಯಾದರೂ ಗೊತ್ತಿದ್ದರೆ ಸಂಸಾರಸ್ಥರಿಗೆ ಅನುಕೂಲ. ಮಗಳ ಮದುವೆಗೆ ಬಾಗಿಲಿಗೆ ಬಣ್ಣ ಹೊಡೆಸಬೇಕೋ ಬೇಡವೋ, ಬಾಣಂತಿಯನ್ನು ಮುಂದಿನ ಕೋಣೆಯಲ್ಲಿ ಮಲಗಿಸಬಹುದೋ ಇಲ್ಲವೋ, ಇಂಥವು. ಅದಕ್ಕೆಂದೇ ನಮ್ಮೂರಿನಲ್ಲಿ ಬಾಗಿಲು ಕಚೇರಿ ಇದೆ. ಅಲ್ಲಿ ಎರಡನೆಯ ಕಿಟಕಿಯಲ್ಲಿ ಹತ್ತೊಂಬತ್ತು ವರ್ಷದಿಂದ ನಾನು ಕೂತಿದ್ದೇನೆ. ಹೆಸರು ದಾನಮ್ಮ. ಊರಿನವರಿಗೆ ದಾನಕ್ಕ.

ಕಚೇರಿಯ ದಪ್ಪ ಪುಸ್ತಕದಲ್ಲಿ ಪ್ರತಿ ಬಾಗಿಲಿಗೂ ಒಂದು ಸಾಲು. ಯಾವ ದಿನ ಕೂರಿಸಿದರು, ಯಾವ ಮರ, ಯಾವ ದಿಕ್ಕು, ಯಾರ ಕೈಕೆಲಸ, ಕೊನೆಯಲ್ಲಿ ಹೋದ ದಿನ. ಹೋಗಿಲ್ಲದ ಬಾಗಿಲಿನ ಮುಂದೆ 'ಇದೆ' ಎಂದು ಬರೆದಿರುತ್ತದೆ. ಇದನ್ನೆಲ್ಲ ಕಂಪ್ಯೂಟರಿಗೆ ಉಣಿಸಿದರೆ ಅದರೊಳಗಿನ ಪ್ರೋಗ್ರಾಂ ಲೆಕ್ಕ ಹಾಕಿ ಒಂದು ಚೀಟಿ ಕೊಡುತ್ತದೆ. ಆದರೆ ಅದು ಅಂಕಿಗಳನ್ನು ನೆಟ್ಟಗೆ ಕೊಡುವುದಿಲ್ಲ. ಸೀರೆ ಮಡಿಸಿ ಪೆಟ್ಟಿಗೆಯಲ್ಲಿಟ್ಟ ಹಾಗೆ ಮಡಿಸಿ ಕೊಡುತ್ತದೆ. ಬಿಚ್ಚಿ ಓದುವುದು ನನ್ನ ಕೆಲಸ. ಸಾಧಾರಣ ಬೇವಿನ ಬಾಗಿಲಿಗೆ ಚೀಟಿ ಏಳೂವರೆ ಎನ್ನುತ್ತದೆ. ಏಳೂವರೆ ದಿನವೆಂದು ಹೆದರಬಾರದು. ಕ್ಯಾಲ್ಕುಲೇಟರಿನಲ್ಲಿ ಒಂದು ಗುಂಡಿ ಇದೆ, ಅದನ್ನು ಒತ್ತಿದರೆ ಏಳೂವರೆ ಬಿಚ್ಚಿಕೊಂಡು ಸಾವಿರದ ಎಂಟುನೂರು ಚಿಲ್ಲರೆ ದಿನವಾಗುತ್ತದೆ, ಹತ್ತಿರ ಹತ್ತಿರ ಐದು ವರ್ಷ. ಹಲಸಿಗೆ ಸೊನ್ನೆ ಪಾಯಿಂಟ್ ನಾಲ್ಕು ಎಂದು ಇದ್ದರೆ ಬಿಚ್ಚಿದಾಗ ಒಂದೂವರೆ ಆಗುತ್ತದೆ, ಅಂದರೆ ಹಲಸಿನ ಬಾಗಿಲು ಬೇವಿಗಿಂತ ಒಂದೂವರೆ ಪಟ್ಟು ಕಾಲ ನಿಲ್ಲುತ್ತದೆ. ಮೈನಸ್ ಇದ್ದರೆ ಒಂದಕ್ಕಿಂತ ಕಡಿಮೆ. ಸೊನ್ನೆ ಬಂದವರನ್ನು ಸಮಾಧಾನ ಮಾಡುವುದು ಮಾತ್ರ ಬಲು ಕಷ್ಟ. ಒಬ್ಬ ಜವಳಿ ವ್ಯಾಪಾರಿ ಸೊನ್ನೆಯ ಚೀಟಿ ಹಿಡಿದು ಕಿಟಕಿಯ ಮುಂದೆ ಕಣ್ಣೀರು ಹಾಕಿದ್ದ. ಸೊನ್ನೆ ಬಿಚ್ಚಿದರೆ ಒಂದಪ್ಪಾ, ನಿನ್ನ ಬಾಗಿಲು ಎಲ್ಲರ ಬಾಗಿಲಿನ ಹಾಗೇ ಇದೆ ಎಂದು ಹೇಳಿ, ನೀರು ಕುಡಿಸಿ ಕಳಿಸಿದ್ದೆ. ಈ ಮಡಿಸುವುದು ಬಿಚ್ಚುವುದನ್ನೆಲ್ಲ ನಾನು ಕಲಿತದ್ದು ಐವತ್ತು ದಾಟಿದ ಮೇಲೆ, ರಾತ್ರಿ ಶಾಲೆಯಲ್ಲಿ.

ಮೋನಪ್ಪ ಬಡಿಗೇರ ನಮ್ಮೂರಿಗೆ ಬಂದು ನಾಲ್ಕು ವರ್ಷವಾಗಿತ್ತು. ಅವನ ಊರಿನಲ್ಲಿ ಬಾಗಿಲುಗಳು ಕೂರಿಸಿದಲ್ಲೇ ಇರುತ್ತವಂತೆ. ಮೊದಲು ಇದನ್ನು ಕೇಳಿದಾಗ ನಮ್ಮವರಿಗೆ ಅವನ ಮೇಲೆ ಸ್ವಲ್ಪ ಕನಿಕರವೇ ಆಗಿತ್ತು. ಬಾಗಿಲಿನ ಕೆಳಗೆ ಎರಡು ಬೆರಳು ಸಂದು ಬಿಡುವುದು ಅವನ ಕ್ರಮ. ಇಲಿ ಬರುತ್ತದೆಂದು ಹೆಂಗಸರು ಬೈದರೂ ಬಿಡುತ್ತಿದ್ದ. ಮರಕ್ಕೆ ಉಸಿರಾಡಲು ಬೇಕು ಎನ್ನುತ್ತಿದ್ದ. ಪ್ರತಿ ಬಾಗಿಲಿನ ಮೇಲ್ಪಟ್ಟಿಯಲ್ಲಿ ತನ್ನ ಗುರುತು ಕೆತ್ತುತ್ತಿದ್ದ: ಎರಡು ಗೀಟು, ಮಧ್ಯೆ ಒಂದು ಚುಕ್ಕಿ. ಯಂತ್ರದ ಲೆಕ್ಕದಲ್ಲಿ ಅರವತ್ತನಾಲ್ಕು ಮನೆಗಳಲ್ಲಿ ಆ ಗುರುತು ಇತ್ತು.

ಈ ವರ್ಷ ಸುಗ್ಗಿ ಮುಗಿದ ಮೇಲೆ ಕಚೇರಿಗೆ ಹೊಸ ಪ್ರೋಗ್ರಾಂ ಬಂತು. ತೆರೆಯುವಾಗ ಪುಟಗಟ್ಟಲೆ ಏನೋ ಬರೆದು ತೋರಿಸಿತು. ಕೆಳಗೆ 'ಸರಿ' ಎಂಬ ಗುಂಡಿ ಇತ್ತು. ಕಿಟಕಿಯ ಮುಂದೆ ಜನ ನಿಂತಿದ್ದರು, ನಾನು 'ಸರಿ' ಒತ್ತಿದೆ. ಹಾಗೆ ಒತ್ತಿದ ಮೇಲೆ ನಾಲ್ಕು ತಿಂಗಳು ಊರಿಗೆಲ್ಲ ಚೀಟಿ ಬಿಚ್ಚಿ ಓದಿದೆ. ವರ್ಷಕ್ಕೊಮ್ಮೆ ಬಡಿಗೇರರ ಕೈಕೆಲಸದ ಚೀಟಿಯನ್ನು ಹಲಗೆಗೆ ಅಂಟಿಸುವ ಪದ್ಧತಿ. ಅದನ್ನೂ ತೆಗೆದೆ. ಮೋನಪ್ಪನ ಹೆಸರಿನ ಮುಂದೆ ಮೈನಸ್ ಸೊನ್ನೆ ಪಾಯಿಂಟ್ ಆರು ಒಂಬತ್ತು. ಬಿಚ್ಚಿದರೆ ಅರ್ಧ. ಐದು ವರ್ಷ ನಿಲ್ಲಬೇಕಾದ ಬಾಗಿಲು ಇವನ ಕೈಯಲ್ಲಿ ಎರಡೂವರೆ ವರ್ಷಕ್ಕೆ ಹೊರಡುತ್ತದೆ ಎಂದು ಬರೆದು ಅಂಟಿಸಿದೆ.

ನಮ್ಮ ಕಚೇರಿಯ ಮುಖ್ಯಸ್ಥರು ಅಡಿವೆಪ್ಪನವರು. ಒಳ್ಳೆಯವರು, ಆದರೆ ಯಂತ್ರದ ಮಾತನ್ನು ಪೂರ್ತಿ ನಂಬುವವರಲ್ಲ. ಪುಸ್ತಕ ತರಿಸಿ, ಮೋನಪ್ಪನ ಬಾಗಿಲುಗಳಲ್ಲಿ ಹೋದವನ್ನೆಲ್ಲ ಕೈಯಾರೆ ಲೆಕ್ಕ ಹಾಕಿಸಿದರು. ಹನ್ನೊಂದು ಹೋಗಿದ್ದವು. ಅವು ಸರಾಸರಿ ನಿಂತದ್ದು ಎರಡೂಕಾಲು ವರ್ಷ. ಬೇರೆ ಬಡಿಗೇರರ ಹೋದ ಬಾಗಿಲುಗಳು ನಾಲ್ಕೂವರೆ ವರ್ಷ ನಿಂತು ಹೋಗಿದ್ದವು. ಚೀಟಿಗೂ ಪುಸ್ತಕಕ್ಕೂ ತಾಳೆ ಬಿತ್ತು. ಇರುವ ಬಾಗಿಲುಗಳನ್ನು ಯಾರೂ ಎಣಿಸಲಿಲ್ಲ. ನಮ್ಮಲ್ಲಿ ಇರುವ ಬಾಗಿಲನ್ನು ಎಣಿಸಬಾರದು. ಉಣ್ಣುತ್ತ ಕೂತ ಮಕ್ಕಳ ತಲೆ ಎಣಿಸುತ್ತಾರೆಯೇ, ಹಾಗೆ. ಎಣಿಸುವ ಹಕ್ಕು ಇರುವುದು ಬೆರಳಿಲ್ಲದ ಯಂತ್ರಕ್ಕೆ ಮಾತ್ರ.

ಕೈ ಚಿಕ್ಕದೆಂದು, ಅಂದರೆ ಬಾಗಿಲಿಗೆ ಆಯುಸ್ಸು ಕೊಡದ ಕೈಯೆಂದು, ಸಾಬೀತಾದ ಬಡಿಗೇರ ತನ್ನ ಗುರುತನ್ನು ತಾನೇ ಕೆತ್ತಿ ಅಳಿಸಬೇಕು. ಮೊದಲು ಕಚೇರಿಯ ಅಂಗಳದಲ್ಲಿ, ಊರಿನವರ ಎದುರು, ತನ್ನ ಹೆಸರಿನ ಹಲಗೆಯ ಮೇಲಿಂದ. ಆಮೇಲೆ ಮನೆ ಮನೆಗೆ ಹೋಗಿ ಪ್ರತಿ ಬಾಗಿಲಿನಿಂದ. ಅಲ್ಲಿಂದ ಮುಂದೆ ಅವನು ಮಣೆ ಮಾಡಬಹುದು, ಕಡಗೋಲು ಮಾಡಬಹುದು. ಬಾಗಿಲು ಮಾಡುವಂತಿಲ್ಲ. ಮೋನಪ್ಪನಿಗೆ ಸೋಮವಾರ ಗೊತ್ತುಮಾಡಿದರು.

ಅದಕ್ಕೆ ಮುಂಚಿನ ಗುರುವಾರ ಖೈರುನ್ನಬಿ ನನ್ನ ಕಿಟಕಿಗೆ ಬಂದಳು. ಬಳೆ ಅಂಗಡಿಯವಳು. ಅವಳ ಮಾತು ಬಳೆಗಿಂತ ಹೆಚ್ಚು ಸದ್ದು ಮಾಡುತ್ತದೆ. ಅವಳದೂ ಮೋನಪ್ಪನ ಬಾಗಿಲು. ಅವನು ಬಂದ ವರ್ಷವೇ ಕೂರಿಸಿದ್ದು, ಎರಡೂವರೆ ವರ್ಷ ಎಂದೋ ದಾಟಿದೆ, ಇನ್ನು ಈ ತಿಂಗಳಿನಲ್ಲೇ ಹೋಗಬಹುದೆಂದು ನಾನೇ ಹೇಳಿದ್ದೆ. ಹೋಗುವ ಬಾಗಿಲಿಗೆ ಎಣ್ಣೆ ಹಚ್ಚಿ, ಸಿಹಿ ಮಾಡಿ, ನೆಂಟರನ್ನು ಕರೆದು ಬೀಳ್ಕೊಡುವುದುಂಟು.

"ದಾನಕ್ಕ, ಎರಡು ಸಲ ಶಾವಿಗೆ ಪಾಯಸ ಮಾಡೀನಿ," ಎಂದಳು. "ನನ್ನ ಬೀಗರು ಎರಡು ಸಲ ಉಂಡು ಹೋದ್ರು. ಬಾಗಿಲಾ ಮಾತ್ರ ಹೋಗವಲ್ದು. ಈಗ ಬೀಗರು ದಿನಾ ಬಂದು ಹೋತೇನು, ಹೋತೇನು ಅಂತ ಕೇಳಾಕತ್ಯಾರ. ಬಾಗಿಲಾ ಹೋಗದಿದ್ರ ಚಿಂತಿಲ್ಲ, ಬೀಗರರ ಹೋಗೂವಂಗ ಒಂದು ಚೀಟಿ ಬರದು ಕೊಡು."

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅವಳ ಹಿಂದೆಯೇ ನಿಂತಿದ್ದ ಇನ್ನೊಬ್ಬಾಕೆ ತನ್ನದು ತಿರುಗುಮುರುಗು ಎಂದಳು. ನಾನು ಎಂಟು ವರ್ಷ ಎಂದು ಓದಿಕೊಟ್ಟಿದ್ದ ಬಾಗಿಲು ಮೊಮ್ಮಗಳ ನಾಮಕರಣದ ದಿನ, ತೋರಣದ ಸಮೇತ, ಎದ್ದು ಹೋಗಿತ್ತಂತೆ. ಒಂದೊಂದು ಬಾಗಿಲು ಹೇಳಿದ ಮಾತು ಕೇಳುವುದಿಲ್ಲ, ಅದು ನನಗೆ ಹೊಸದಲ್ಲ. ಆದರೆ ಇಬ್ಬರೂ ಹೋದ ಮೇಲೆ ಮನಸ್ಸಿಗೆ ಹೊಳೆದದ್ದನ್ನು ಮಾಡಿದೆ. ಯಾರೂ ಕೇಳದ ಸಾಲೊಂದನ್ನು ಯಂತ್ರದ ಹತ್ತಿರ ಕೇಳಿದೆ: ಹಲಸು. ನಮ್ಮೂರಿನ ಕೂಸಿಗೂ ಹಲಸಿನ ಬಾಗಿಲು ಗಟ್ಟಿ ಎಂಬುದು ಗೊತ್ತು. ಹಾಗಾಗಿ ಆ ಸಾಲನ್ನು ಯಾರೂ ಕೇಳುವುದೇ ಇಲ್ಲ.

ಚೀಟಿ ಬಂತು. ಹಲಸು, ಮೈನಸ್ ಸೊನ್ನೆ ಪಾಯಿಂಟ್ ಎಂಟು.

ಚೀಟಿಯನ್ನು ಇನ್ನೊಮ್ಮೆ ಓದಿದೆ. ಹಳೆಯ ಚೀಟಿಯಲ್ಲಿ ಅದು ಪ್ಲಸ್ ಸೊನ್ನೆ ಪಾಯಿಂಟ್ ನಾಲ್ಕು ಇತ್ತಲ್ಲ. ಪಡುವಣ ದಿಕ್ಕನ್ನು ಕೇಳಿದೆ. ಬಿಸಿಲಿಗೆ ಮುಖಮಾಡಿದ ಬಾಗಿಲು ಬೇಗ ಹೋಗುವುದು ಎಲ್ಲರಿಗೂ ಗೊತ್ತಿದ್ದದ್ದೇ, ಹಳೆಯ ಚೀಟಿಯಲ್ಲಿ ಮೈನಸ್ ಸೊನ್ನೆ ಪಾಯಿಂಟ್ ಇಪ್ಪತ್ತೆರಡು ಇತ್ತು. ಈಗ ಪ್ಲಸ್ ಸೊನ್ನೆ ಪಾಯಿಂಟ್ ನಲವತ್ನಾಲ್ಕು. ಪ್ಲಸ್ ಇದ್ದದ್ದು ಮೈನಸ್ಸಾಗಿತ್ತು, ಮೈನಸ್ ಇದ್ದದ್ದು ಪ್ಲಸ್ಸಾಗಿತ್ತು, ಎಲ್ಲವೂ ಎರಡರಷ್ಟಾಗಿದ್ದವು. ಆಗ ನಾಲ್ಕು ತಿಂಗಳ ಹಿಂದೆ ಓದದೆ 'ಸರಿ' ಒತ್ತಿದ ಪುಟಗಳನ್ನು ಹುಡುಕಿ ತೆಗೆದೆ. ಬೆರಳಿಟ್ಟುಕೊಂಡು ಓದಿದೆ. ಮೂರನೆಯ ಪುಟದಲ್ಲಿ ಇತ್ತು. ಹಳೆಯ ಪ್ರೋಗ್ರಾಂ ಬಾಗಿಲು ಎಷ್ಟು ಕಾಲ ನಿಲ್ಲುತ್ತದೆಂಬುದನ್ನು ಮಡಿಸಿ ಕೊಡುತ್ತಿತ್ತು. ಹೊಸದು ಕೊಡುವುದು, ನಿಂತಿರುವ ಬಾಗಿಲಿಗೆ ದಿನದಿನವೂ ಹೊರಡುವ ಆತುರ ಎಷ್ಟು ಎಂಬುದನ್ನು. ಆತುರ ಹೆಚ್ಚಿದಷ್ಟೂ ಆಯುಸ್ಸು ಕಡಿಮೆ, ಅದಕ್ಕೇ ಪ್ಲಸ್ ಮೈನಸ್ಸಿನ ಗುರುತು ತಿರುಗುತ್ತದೆ. ನಮ್ಮೂರಿನ ಬಾಗಿಲುಗಳಿಗೆ ಹಳೆಯದಾದಷ್ಟೂ ಆತುರ ಏರುತ್ತದಲ್ಲ, ಆ ಏರಿಕೆಯ ಲೆಕ್ಕದಿಂದ ಅಂಕಿ ಇಮ್ಮಡಿ ಕಾಣುತ್ತದೆ. ಹಾಗಾದರೆ ದಾರಿ ಇಷ್ಟೇ: ಗುರುತು ತಿರುಗಿಸು, ಅರ್ಧ ಮಾಡು, ಆಮೇಲೆ ಬಿಚ್ಚು.

ಮೋನಪ್ಪನ ಮೈನಸ್ ಆರು ಒಂಬತ್ತನ್ನು ತಿರುಗಿಸಿದೆ, ಅರ್ಧ ಮಾಡಿದೆ, ಬಿಚ್ಚಿದೆ. ಒಂದು ಪಾಯಿಂಟ್ ನಾಲ್ಕು ಬಂತು. ಐದು ವರ್ಷದ ಬಾಗಿಲು ಅವನ ಕೈಯಲ್ಲಿ ಏಳು ವರ್ಷ ನಿಲ್ಲುತ್ತದೆ. ಊರಿನ ಬಡಿಗೇರರಲ್ಲೆಲ್ಲ ಅದೇ ಹೆಚ್ಚು.

ಮೋನಪ್ಪ ಕೆಲಸ ಮಾಡುವ ಛಾವಣಿಯ ಕೆಳಗೆ ಹೋದಾಗ ಅವನು ಉಳಿ ಮಸೆಯುತ್ತಿದ್ದ. ನಾನು ನಿಂತೇ ಎಲ್ಲ ಹೇಳಿದೆ. ಕೇಳಿಸಿಕೊಂಡ, ಮಸೆಯುವುದನ್ನು ನಿಲ್ಲಿಸಲಿಲ್ಲ.

"ಅಕ್ಕಾರ, ತಪ್ಪ ಓದೀನಿ ಅಂತ ನನಗ ಹೇಳಿದ್ರ ಏನ್ ಬಂತ್ರಿ?" ಎಂದ. "ನನ್ನ ಬಾಗಿಲಾ ಎಂಥಾವು ಅಂತ ನನಗ ಮೊದಲಿಂದ ಗೊತ್ತೈತಿ. ಹಲಗಿ ಮ್ಯಾಲೆ ಅಂಟಿಸಿದ್ದು ಊರಿಗೆ. ಹೇಳೂದು ಊರಿಗೆ ಹೇಳ್ರಿ."

ಅವನ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತೇನೋ. ನೆಟ್ಟಗೆ ಅಡಿವೆಪ್ಪನವರ ಬಳಿ ಹೋದೆ. ಅವರು ಹಳೆಯ ಚೀಟಿ, ಹೊಸ ಚೀಟಿ, ಮೂರನೆಯ ಪುಟ ಎಲ್ಲವನ್ನೂ ನೋಡಿದರು. ಯಂತ್ರ ಹಾಗೂ ಹೇಳುತ್ತದೆ ಹೀಗೂ ಹೇಳುತ್ತದೆ, ಕೈಲೆಕ್ಕ ಒಂದೇ ಇರುವುದು, ಹೋದ ಹನ್ನೊಂದು ಬಾಗಿಲು ಎರಡೂಕಾಲು ವರ್ಷಕ್ಕೇ ಹೋಗಿವೆ, ಅದಕ್ಕೇನು ಹೇಳುತ್ತೀರಿ ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಹೊಳೆದದ್ದು ಮನೆಗೆ ಹೋಗಿ ಅಕ್ಕಿ ಆರಿಸುತ್ತ ಕೂತಾಗ. ನಾಲ್ಕು ವರ್ಷದಿಂದ ಬಾಗಿಲು ಮಾಡುತ್ತಿರುವವನ ಬಾಗಿಲು ಹೋದರೆ ನಾಲ್ಕು ವರ್ಷದೊಳಗೇ ಹೋಗಿರಬೇಕು. ಆರು ವರ್ಷ ನಿಂತು ಹೋಗಲು ಅದಕ್ಕೆ ಸಮಯವೆಲ್ಲಿತ್ತು? ಹೋದವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ, ಆತುರದ ಬಾಗಿಲುಗಳ ಮಾತನ್ನಷ್ಟೇ ಕೇಳಿದಂತಾಯಿತು. ಸುಮ್ಮನೆ ನಿಂತಿರುವ ಬಾಗಿಲುಗಳನ್ನೂ ಕೇಳಬೇಕು.

ಕೇಳಬೇಕೆಂದರೆ ಎಣಿಸಬೇಕು. ಎಣಿಸುವಂತಿಲ್ಲ.

ಶುಕ್ರವಾರ ಬೆಳಿಗ್ಗೆ ಒಂದು ಚೀಲ ಹಿಡಿದು ಖೈರುನ್ನಬಿಯ ಮನೆಗೆ ಹೋದೆ. ಪುಸ್ತಕದಿಂದ ಮೋನಪ್ಪ ಬಂದ ಮೊದಲ ವರ್ಷದಲ್ಲಿ ಕೂರಿಸಿದ ಇಪ್ಪತ್ತು ಬೇವಿನ ಬಾಗಿಲುಗಳ ಮನೆಗಳನ್ನು ಬರೆದುಕೊಂಡಿದ್ದೆ. ಅದೇ ವರ್ಷ, ಅದೇ ಬೇವಿನ ಮರದಲ್ಲಿ ಬೇರೆಯವರು ಮಾಡಿದ ಇಪ್ಪತ್ತರದ್ದೂ. ನನ್ನ ಕಷ್ಟ ಕೇಳಿ ಖೈರುನ್ನಬಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಎಣಿಸುವುದು ಪಾಪವಾದರೆ ಎಣಿಸಬೇಡ, ಆ ಬಾಗಿಲು ಇನ್ನೂ ಇರುವ ಮನೆಯವರೇ ಅದರ ಹೆಸರಿನಲ್ಲಿ ಒಂದೊಂದು ಹುಣಸೆಬೀಜ ಹಾಕಲಿ, ಬೀಜ ಎಣಿಸಿದರೆ ಯಾರ ಗಂಟು ಹೋಗುತ್ತದೆ ಎಂದಳು. ತಾನೇ ಒಳಗೆ ಹೋಗಿ ಮೊದಲ ಬೀಜ ತಂದು ಹಾಕಿದಳು. ಅಂಗಡಿಗೆ ಬೀಗ ಹಾಕಿ ನನ್ನ ಜೊತೆ ಹೊರಟೂಬಿಟ್ಟಳು.

ಮೂರು ದಿನ ತಿರುಗಿದೆವು. ಒಂದು ಮನೆಯಲ್ಲಿ ಬೀಜ ಕೊಡಲು ಮುದುಕ ಒಪ್ಪಲಿಲ್ಲ, ಸೊಸೆ ಹಿತ್ತಿಲಿನಿಂದ ತಂದು ಹಾಕಿದಳು. ಇನ್ನೊಂದು ಮನೆಯವರು ತಮ್ಮ ಬಾಗಿಲು ಬಹಳ ಒಳ್ಳೆಯದೆಂದು ಒಂದು ಹಿಡಿ ಸುರಿದರು, ಖೈರುನ್ನಬಿ ಒಂದನ್ನು ಬಿಟ್ಟು ಉಳಿದದ್ದನ್ನು ಅವರ ಮಡಿಲಿಗೇ ಹಾಕಿದಳು. ಬೇರೆ ಬಡಿಗೇರರ ಬಾಗಿಲುಗಳ ಬೀಜಕ್ಕೆ ಸುಣ್ಣ ಹಚ್ಚಿಸಿದೆ. ಪ್ರತಿ ಮನೆಯಲ್ಲೂ ಮಜ್ಜಿಗೆ ಕೊಟ್ಟರು. ಭಾನುವಾರ ಸಂಜೆಗೆ ನಮ್ಮಿಬ್ಬರ ಹೊಟ್ಟೆಯೂ ಬುಳುಬುಳು ಎನ್ನುತ್ತಿತ್ತು.

ಸೋಮವಾರ ಅಂಗಳದ ತುಂಬ ಜನ. ಮೋನಪ್ಪ ತನ್ನ ಹೆಸರಿನ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ, ಕೈಯಲ್ಲಿ ಉಳಿ. ಅಡಿವೆಪ್ಪನವರು ಇನ್ನೇನು ಶುರುಮಾಡಿ ಎನ್ನಬೇಕು, ನಾನು ಮುಂದೆ ಹೋದೆ. ಹತ್ತೊಂಬತ್ತು ವರ್ಷ ಕಿಟಕಿಯ ಒಳಗೆ ಕೂತವಳು ನಾನು. ಅಷ್ಟು ಮುಖಗಳನ್ನು ಒಟ್ಟಿಗೆ ನೋಡಿದ್ದೇ ಇಲ್ಲ.

"ನಾಕು ತಿಂಗಳಿಂದ ನಾನು ಉಲ್ಟಾ ಓದೀನಿ," ಎಂದೆ. "ಯಂತ್ರ ಸರಿ ಹೇಳಿತ್ತು. ತಪ್ಪು ನಂದು. ಮೋನಪ್ಪನ ಬಾಗಿಲಾ ಬೇಗ ಹೋಗೂವಲ್ಲ. ಎಲ್ಲಾರ್ಕಿಂತ ತಡಾ ಮಾಡಿ ಹೋಗೂವು."

ಗುಜುಗುಜು ಶುರುವಾಯಿತು. ಎರಡು ಗುಡ್ಡೆ ಬೀಜವನ್ನು ಅಡಿವೆಪ್ಪನವರ ಮುಂದೆ ಸುರಿದೆ. ಒಂದೇ ವರ್ಷ ಕೂರಿಸಿದ ಇಪ್ಪತ್ತು ಇಪ್ಪತ್ತು ಬಾಗಿಲು, ಇವತ್ತಿಗೂ ಇರುವ ಬಾಗಿಲಿಗೆ ಒಂದೊಂದರಂತೆ ಮನೆಯವರೇ ಕೊಟ್ಟ ಬೀಜ, ನಾನು ಬಾಗಿಲು ಎಣಿಸಿಲ್ಲ, ನೀವೂ ಎಣಿಸಬೇಡಿ, ಬೀಜ ಎಣಿಸಿ ಎಂದೆ. ಅವರು ಪಂಚೆ ಎತ್ತಿಕಟ್ಟಿ ನೆಲದ ಮೇಲೆ ಕೂತು, ಒಂದೊಂದನ್ನೇ ಸರಿಸುತ್ತ ಎಣಿಸಿದರು. ಸುಣ್ಣದ ಬೀಜ ಹನ್ನೆರಡು. ಮೋನಪ್ಪನವು ಹದಿನಾರು.

ಯಾರೋ ಹಿಂದಿನಿಂದ, ಹಾಗಾದರೆ ನಮಗೆ ಓದಿಕೊಟ್ಟ ಚೀಟಿಗಳ ಗತಿಯೇನು ಎಂದು ಕೇಳಿದರು. ನಾಳೆಯಿಂದ ಮನೆ ಮನೆಗೂ ನಾನೇ ಬಂದು ತಿರುಗಿಸಿ ಓದುತ್ತೇನೆ ಎಂದೆ. ಬರುವಾಗ ತನ್ನ ಬೀಗರಿಗೂ ಸೇರಿಸಿ ಓದಬೇಕೆಂದು ಖೈರುನ್ನಬಿ ಕೂಗಿದಳು, ಅಂಗಳವೆಲ್ಲ ನಕ್ಕಿತು. ಅಡಿವೆಪ್ಪನವರೂ ನಗು ತಡೆದುಕೊಂಡು, ಎದ್ದು, ಮೋನಪ್ಪನ ಕಡೆ ತಿರುಗಿ ಬಾಯಿ ತೆರೆದರು.

ಆಗಲೇ ಬೀದಿಯಿಂದ ಟಕ್, ಟಕ್ ಎಂಬ ಸದ್ದು ಬಂತು. ಗೇಟಿನ ಮುಂದೆ ಒಂದು ಬಾಗಿಲು ನಡೆದುಕೊಂಡು ಬರುತ್ತಿತ್ತು. ಬೇವಿನದು, ನೀಲಿ ಬಣ್ಣದ್ದು, ಬೀಜ ಕೊಟ್ಟ ಮನೆಯದೇ. ಮೇಲ್ಪಟ್ಟಿಯಲ್ಲಿ ಎರಡು ಗೀಟು, ಮಧ್ಯೆ ಒಂದು ಚುಕ್ಕಿ, ಬಿಸಿಲಿನಲ್ಲಿ ಎಲ್ಲರಿಗೂ ಕಾಣುವ ಹಾಗೆ.

ಜನ ಬಾಗಿಲನ್ನು ನೋಡಿದರು, ನನ್ನನ್ನು ನೋಡಿದರು, ಮೋನಪ್ಪನನ್ನು ನೋಡಿದರು. ನನಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಆತುರ ಅರ್ಧವಾದರೂ ಅದು ಆತುರವೇ ಅಲ್ಲವೇ ಎಂದು ಹೇಳಲು ಹೊರಟೆ. ಚೀಟಿ ಓದುವ ನಾನು ಹೇಳುವ ಮೊದಲೇ ಅಡಿವೆಪ್ಪನವರಿಗೆ ಅರ್ಥವಾಯಿತು. ಅವರು ಮತ್ತೆ ನೆಲಕ್ಕೆ ಬಗ್ಗಿ, ಮೋನಪ್ಪನ ಗುಡ್ಡೆಯಿಂದ ಒಂದು ಬೀಜ ತೆಗೆದು ಪಕ್ಕಕ್ಕಿಟ್ಟರು.

"ಹದಿನೈದು," ಎಂದರು. "ಇನ್ನೂ ಮೂರು ಹೆಚ್ಚಿಗೆ ಅದಾವ."

ಹಾಗೆಂದು ಮೋನಪ್ಪನ ತೊಡೆಯ ಮೇಲಿದ್ದ ಹಲಗೆಯನ್ನು ತಾವೇ ತೆಗೆದು ಗೋಡೆಯ ಮೊಳೆಗೆ ನೇತುಹಾಕಿದರು. ಸೊಟ್ಟಗಿತ್ತು, ಸರಿಮಾಡಿದರು.

ಮೋನಪ್ಪ ಎದ್ದು ನಿಂತ. ಹಲಗೆಯ ಕಡೆ ನೋಡಲೂ ಇಲ್ಲ.

"ಯಾರ ಮನೀದ್ರಿ ಅದು?" ಎಂದು ಕೇಳಿದ.

ಗಾಣಿಗೇರ ಓಣಿಯ ರಾಚವ್ವನದು ಎಂದು ನಾಲ್ಕೈದು ಜನ ಒಟ್ಟಿಗೆ ಹೇಳಿದರು. ಅವನು ಉಳಿಯನ್ನು ಸೊಂಟಕ್ಕೆ ಸಿಕ್ಕಿಸಿ, ಜೇಬಿನಿಂದ ಅಳತೆಯ ದಾರ ತೆಗೆದು ಬಿಚ್ಚುತ್ತಲೇ ಗೇಟು ದಾಟಿದ. ಬಾಗಿಲು ಆ ಕಡೆಯಿಂದ ಬರುತ್ತಿತ್ತು, ಅವನು ಈ ಕಡೆಯಿಂದ ಹೋಗುತ್ತಿದ್ದ. ಎದುರುಬದುರಾದಾಗ ಅವನು ಗೋಡೆಗೆ ಸರಿದು ಅದಕ್ಕೆ ದಾರಿ ಬಿಟ್ಟ. ಅದು ಮುಂದೆ ಹೋಯಿತು. ಅವನು ರಾಚವ್ವನ ಮನೆಯ ಚೌಕಟ್ಟು ಅಳೆಯಲು ಬೇಗ ಬೇಗ ನಡೆದ.